ಬ್ಲೇಡ್ ಕೆಡುತ್ತದೆ ಎಂದು ಬಿಟ್ಟ ಚೂರು

ಲೋಕಲ್ ರೈಲಿನಲ್ಲಿ ಜನರ ಮಾಸ್ಕ್ ಮೂಗಿನಿಂದ ಗಲ್ಲಕ್ಕೆ ಇಳಿದು, ಆಮೇಲೆ ಪೂರಾ ಮಾಯವಾದ ವರ್ಷ ಅದು. ಆಗ ನಾನು ವಡಾಲದ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯ ಹಿಸ್ಟೋಪೆಥಾಲಜಿ ವಿಭಾಗದಲ್ಲಿ ಆಯಾ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಅಲ್ಲಿ ಎಲ್ಲರೂ ನನ್ನನ್ನು ಮಾವ್ಶಿ, ಮರಾಠಿಯಲ್ಲಿ ಚಿಕ್ಕಮ್ಮ, ಎನ್ನುತ್ತಿದ್ದರು. ಹೆಸರು ನೀಲವ್ವ, ಊರು ವಿಜಯಪುರದ ಕಡೆ. ನಾನು ಶಾಲೆ ಕಲಿತದ್ದು ಮೂರನೇ ಇಯತ್ತೆವರೆಗೆ. ಹಾಗಾಗಿ ಇದರಲ್ಲಿ ಚಂದದ ಮಾತು ಹುಡುಕಬೇಡಿ. ನಡೆದದ್ದನ್ನು ಹೇಳುತ್ತೇನೆ.

ಹಿಸ್ಟೋಪೆಥಾಲಜಿ ಎಂದರೆ ಮೈಯಿಂದ ಕೊಯ್ದು ತೆಗೆದ ತುಂಡನ್ನು ಪರೀಕ್ಷೆ ಮಾಡುವ ಜಾಗ. ತುಂಡು ಬರಣಿಯಲ್ಲಿ ಬರುತ್ತದೆ. ಅದು ಕೊಳೆಯದಂತೆ ಮೇಲೆ ಫಾರ್ಮಾಲಿನ್ ಸುರಿದಿರುತ್ತಾರೆ. ಡಾಕ್ಟರು ಅದರಿಂದ ಬೇಕಾದ ಚೂರು ಆರಿಸಿ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿಗೆ ಹಾಕುತ್ತಾರೆ. ಅದು ಮೇಣದಲ್ಲಿ ಕೂತು ಗಟ್ಟಿಯಾಗಿ ಬ್ಲಾಕ್ ಆಗುತ್ತದೆ. ಟೆಕ್ನಿಷಿಯನ್ ಆ ಬ್ಲಾಕನ್ನು ಯಂತ್ರಕ್ಕೆ ಕೊಟ್ಟು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತಾನೆ. ಈ ಗಾಜೇ ಸ್ಲೈಡ್. ಮಿಕ್ಕ ತುಂಡು ಬರಣಿಯಲ್ಲೇ ಕೆಲವು ವಾರ ಇರಬೇಕು, ನಂತರವೇ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ. ಬರಣಿ ತೊಳೆಯುವುದು, ಫಾರ್ಮಾಲಿನ್ ತುಂಬುವುದು, ದಿನ ಮುಗಿದವನ್ನು ಚೀಲಕ್ಕೆ ಹಾಕುವುದು ನನ್ನ ಕೆಲಸ. ಫಾರ್ಮಾಲಿನ್ ಘಾಟಿಗೆ ಮೂಗು ಸತ್ತು ಎಷ್ಟೋ ವರ್ಷವಾಗಿತ್ತು. ನಾವಿದ್ದ ಸಾಲುಮನೆಗಳ ಚಾಳಿನಲ್ಲಿ ಯಾರ ಮನೆಯ ಹಾಲು ಹೊತ್ತಿದರೂ ನನಗೊಬ್ಬಳಿಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಚಾಳಿನಲ್ಲೇ, ನನ್ನ ಖೋಲಿಯ ಎದುರಿಗೆ, ಈರಪ್ಪ ಮತ್ತು ಸುವರ್ಣಾ ಇದ್ದರು. ಬೆಳಗಾವಿ ಕಡೆಯವರು. ಈರಪ್ಪ ಮಾಟುಂಗದ ಒಂದು ಕನ್ನಡ ಸಂಘದ ಹಾಲ್‌ನಲ್ಲಿ ಅಡಿಗೆ ಮತ್ತು ಬಡಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಒಬ್ಬಳೇ ಮಗಳು ಪೂಜಾ, ಕಣ್ಣಿನ ಕನ್ನಡಕದ ಅಂಗಡಿಯಲ್ಲಿ ಕೌಂಟರಿನ ಕೆಲಸ. ಆ ಹುಡುಗಿಯ ಎಡಗಿವಿಯ ಮುಂದೆ, ಕೆನ್ನೆ ಶುರುವಾಗುವಲ್ಲಿ, ಒಂದು ಗಂಟು ಎದ್ದಿತ್ತು. ನೋವಿಲ್ಲ. ಮುಟ್ಟಿದರೆ ಕಲ್ಲು. ಮದುವೆ ಗೊತ್ತಾದ ಮೇಲೆ ಫೋಟೋದಲ್ಲಿ ಕಾಣುತ್ತದೆ ಎಂದು ತೆಗೆಸಲು ಹೊರಟರು.

ತೆಗೆಸಿದ್ದು ಗ್ರಾಂಟ್ ರೋಡಿನ ಒಂದು ನರ್ಸಿಂಗ್ ಹೋಮಿನಲ್ಲಿ. ಅಲ್ಲಿನ ಸರ್ಜನ್ 'ನಮ್ಮವರು'. ಈ ಒಂದು ಮಾತಿಗೆ ಮುಂಬೈಯಲ್ಲಿ ನಮ್ಮ ಜನ ಎಷ್ಟು ಸಲ ಕುತ್ತಿಗೆ ಕೊಟ್ಟಿದ್ದಾರೋ ದೇವರಿಗೇ ಗೊತ್ತು. ಸಾಹೇಬರು ಧಾರವಾಡದ ಕಡೆಯವರು, ಸಂಘದ ಕಾರ್ಯಕ್ರಮಗಳಲ್ಲಿ ಮುಂದಿನ ಕುರ್ಚಿ ಅವರದ್ದೇ, ಶಾಲು ಹೊದಿಸಿಕೊಂಡು ಶಾಲು ಹೊದಿಸಿಕೊಂಡು ಭುಜ ಸವೆದಿರಬೇಕು. ಈರಪ್ಪನಿಗೆ ಹಾಲ್‌ನ ಕೆಲಸ ಕೊಡಿಸಿದ್ದೂ ಅವರೇ. ಗಂಟಿನ ಮೇಲ್ಭಾಗ ತೆಗೆದರು, ಹೊಲಿಗೆ ಹಾಕಿದರು, ತುಂಡನ್ನು ಕೆಳಗಿನ ಮಹಡಿಯ ತಮ್ಮದೇ ಲ್ಯಾಬಿಗೆ ಕಳಿಸಿದರು. ಎಲ್ಲಾ ಒಂದೇ ಬಿಲ್ಡಿಂಗ್, ಎಲ್ಲಾ ಒಂದೇ ಕುಟುಂಬ.

ರಿಪೋರ್ಟ್ ಬಂದ ದಿನ ಸುವರ್ಣಾ ನೀರಿನ ನಲ್ಲಿಯ ಹತ್ತಿರ ಕೊಡ ಇಟ್ಟು ಸುಮ್ಮನೆ ನಿಂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು. ನಾನೇ ನಲ್ಲಿ ತಿರುಗಿಸಿದೆ.

"ನೀಲಾಯಿ, ಕ್ಯಾನ್ಸರ್ ಅಂತ ಬಂದದ."

"ಯಾರು ಹೇಳಿದ್ರು?"

"ಸಾಹೇಬ್ರೇ. ಈ ವಾರನ ದೊಡ್ಡ ಆಪರೇಶನ್ ಮಾಡಬೇಕಂತ. ಗಂಟಿನ ಬುಡ, ಸುತ್ತಿನ ಚರ್ಮ, ಕಿವಿ ಕೆಳಗಿನ ಗ್ರಂಥಿ, ಕುತ್ತಿಗ್ಯಾಗಿನ ಗಂಟು, ಎಲ್ಲಾ ತಗೀಬೇಕು. ಅಲ್ಲೇ ಮುಖದ ನರ ಹಾದು ಹೋಗತದಂತ. ಬಾಯಿ ಸೊಟ್ಟ ಆಗಬಹುದು, ಕಣ್ಣು ಮುಚ್ಚಲಾರದಂಗ ಆಗಬಹುದು ಅಂದ್ರು. ಜೀವ ಮುಖ್ಯ ಅಲ್ರೀ?"

ಜೀವ ಮುಖ್ಯ. ಅದು ನನಗೂ ಗೊತ್ತು. ಆದರೆ ಇಷ್ಟು ವರ್ಷದಲ್ಲಿ ಒಂದು ನೋಡಿದ್ದೆ. ದೊಡ್ಡ ಕೊಯ್ತದ ಮೊದಲು ನಮ್ಮ ಡಾಕ್ಟರು ಬೇರೆ ಯಾರಿಗಾದರೂ ಸ್ಲೈಡ್ ತೋರಿಸದೆ ಬಿಡುತ್ತಿರಲಿಲ್ಲ. ಹೊರಗಿನವರೂ ಅವರಲ್ಲಿಗೆ ತಂದು ತೋರಿಸುತ್ತಿದ್ದರು. ಅದರಲ್ಲಿ ಯಾರಿಗೂ ಅವಮಾನ ಇಲ್ಲ. ಅದು ಕೆಲಸದ ರೀತಿ.

"ಸ್ಲೈಡ್ ಈಸ್ಕೊಂಡು ಬಾ. ನಮ್ಮ ಮೇಡಂ ನೋಡ್ತಾರ," ಅಂದೆ.

ಸಂಜೆ ಈರಪ್ಪ ನನ್ನ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಆಯಿ, ಇದರಾಗ ನೀ ಕೈ ಹಾಕಬ್ಯಾಡ. ಸಾಹೇಬ್ರ ರಿಪೋರ್ಟ್ ಇನ್ನೊಬ್ಬರಿಗೆ ತೋರಿಸಿದ್ರ ಅವರ ಮ್ಯಾಲ ನಂಬಿಕಿ ಇಲ್ಲಂದಂಗ ಆಗತದ. ನಾಳೆ ಹಾಲ್‌ನ್ಯಾಗ ನಾ ಅವರಿಗೆ ಹೆಂಗ ಮುಖ ತೋರಿಸಲಿ?"

"ನಿನ್ನ ಮುಖದ ಚಿಂತಿ ನಿನಗ. ಹುಡುಗಿ ಮುಖದ ಚಿಂತಿ ಯಾರಿಗೆ?"

"ನೀ ಬರಣಿ ತೊಳ್ಯಾಕಿ. ನಿನಗ ಏನ್ ತಿಳೀತದ ಇದು?"

"ಏನೂ ತಿಳ್ಯಾಂಗಿಲ್ಲ. ಅದಕ್ಕ ತಿಳದವರಿಗೆ ತೋರಸು ಅನ್ನಾಕತ್ತೀನಿ."

ಅವನ ಬೆನ್ನ ಹಿಂದೆ ಪೂಜಾ ನಿಂತಿದ್ದಳು, ಕೆನ್ನೆಯ ಮೇಲೆ ಬಿಳಿ ಪಟ್ಟಿ. ಆ ಹುಡುಗಿಯ ಕನ್ನಡ ಅರ್ಧ ಹಿಂದಿ. "ಪಪ್ಪಾ, ಬಸ್. ಮುಖ ನಂದು. ಮೈಂ ದಿಖಾವೂಂಗಿ, ನಾನೇ ತೋರಿಸ್ತೀನಿ," ಎಂದಳು. ಈರಪ್ಪ ಚಪ್ಪಲಿ ಮೆಟ್ಟಿ ಹೊರಟುಹೋದ.

ನಮ್ಮ ಮೇಡಂ ಹೆಸರು ಮೇಧಾ. ಮರಾಠಿಯವರು. ಸಿಡುಕು ಸ್ವಭಾವ, ಊಟದ ಹೊತ್ತಿಗೆ ಯಾರಾದರೂ ಬಂದರೆ ಮುಖ ಗಂಟು ಹಾಕುವವರು. ನನ್ನ ಜೊತೆ ಹಿಂದಿ-ಮರಾಠಿ ಬೆರೆಸಿ ಮಾತಾಡುತ್ತಿದ್ದರು, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಪೂಜಾ ತಂದ ಒಂದೇ ಒಂದು ಸ್ಲೈಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣೆತ್ತಿ ಹುಡುಗಿಯನ್ನು ನೋಡಿದರು.

"ಗಂಟು ಹೇಗಿತ್ತು? ಮೆತ್ತಗೋ, ಗಟ್ಟಿಯೋ?"

"ಪತ್ಥರ್ ಜೈಸಾ," ಅಂದಳು ಪೂಜಾ.

"ಹಾಗಿದ್ದರೆ ಆ ಕಲ್ಲು ಎಲ್ಲಿ? ಇದರಲ್ಲಿ ಗಂಟಿನ ಅಂಚಿನ ಮೆತ್ತನೆಯ ಭಾಗ ಮಾತ್ರ ಇದೆ. ಒತ್ತೊತ್ತಾದ ನೀಲಿ ಕೋಶಗಳು, ಬೇಗ ಬೇಗ ಒಡೆದು ಎರಡಾಗುತ್ತಿರುವಂಥವು. ಇಷ್ಟನ್ನೇ ನೋಡಿದರೆ ಯಾರಾದರೂ ಹೆದರುತ್ತಾರೆ. ನಾನೂ ಹೆದರಬಹುದು. ಆದರೆ ಇಷ್ಟರ ಮೇಲೆ ಮುಖ ಕೊಯ್ಯಲು ಹೇಳಲಾರೆ. ಕೊಯ್ಯಬೇಡಿ ಎಂದೂ ಹೇಳಲಾರೆ. ನನಗೆ ಬ್ಲಾಕ್ ಬೇಕು, ಬರಣಿಯಲ್ಲಿ ಉಳಿದ ತುಂಡೂ ಬೇಕು."

ಅವರ ಮನಸ್ಸಿನಲ್ಲಿ ಏನಿತ್ತೋ ಆಗ ಹೇಳಲಿಲ್ಲ. ಹುಡುಗಿಗೆ ಸುಳ್ಳು ಆಸೆ ಹುಟ್ಟಬಾರದು ಎಂದು ಸುಮ್ಮನಿದ್ದರು ಅಂತ ಆಮೇಲೆ ತಿಳಿಯಿತು.

ಮರುದಿನ ರಜೆ ಹಾಕಿ ಸುವರ್ಣಾ, ಪೂಜಾ ಜೊತೆ ಗ್ರಾಂಟ್ ರೋಡಿಗೆ ಹೋದೆ. ಲ್ಯಾಬ್ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಟೆಕ್ನಿಷಿಯನ್ ಸುರೇಶ, ಕುಂದಾಪುರದ ಕಡೆಯವನು, ನಡುವಯಸ್ಸು, ನಗುಮುಖ. ಬ್ಲಾಕನ್ನು ತಕರಾರಿಲ್ಲದೆ ಕೊಟ್ಟ. ಬರಣಿ ಕೇಳಿದ್ದಕ್ಕೆ ನಗು ಹೋಯಿತು.

"ಬರಣಿ ಎಂತಕ್ಕೆ ಮಾವ್ಶಿ? ಬ್ಲಾಕ್ ಉಂಟಲ್ಲ. ಅದನ್ನೆಲ್ಲ ಬಿಸಾಡಿ ಆಯ್ತು."

"ಇಷ್ಟು ಲಗೂನ ಹೆಂಗ ಬಿಸಾಡ್ತೀಯೋ? ರಿಪೋರ್ಟ್ ಮೊನ್ನೆ ಬಂದದ."

"ಜಾಗ ಇಲ್ಲ ಮಾರಾಯ್ರೆ ಇಲ್ಲಿ. ನೋಡಿ ನೀವೇ."

ನೋಡಿದೆ. ಸಿಂಕಿನ ಕೆಳಗೆ ಬರಣಿಗಳ ಸಾಲು, ಮೇಲೊಂದು ಹಳೆ ಪೇಪರ್ ಮುಚ್ಚಿತ್ತು. ಬಿಸಾಡಿದ್ದರೆ ಆ ಸಾಲು ಅಲ್ಲಿ ಯಾಕೆ ಇರಬೇಕು? ನಾನು ಇಷ್ಟು ವರ್ಷ ಮಾಡಿದ್ದು ಅದೇ ಕೆಲಸ. ಕೆಳಗೆ ಕೂತು ಪೇಪರ್ ಎತ್ತಿದೆ. ಪೂಜಾ ಒಂದೊಂದರ ಮೇಲಿನ ಹೆಸರು ಓದುತ್ತ ಹೋದಳು. ಅವಳ ಹೆಸರಿನ ಬರಣಿ ಸಿಕ್ಕಿತು. ಎತ್ತಿ ಅಲುಗಾಡಿಸಿದೆ. ತಳದಲ್ಲಿ ಸುಣ್ಣದ ಹರಳಿನಂಥ ಚೂರುಗಳು ಗಾಜಿಗೆ ತಾಗಿ ಟಕಟಕ ಅಂದವು.

"ಇದನ್ನ್ಯಾಕ ಬಿಟ್ಟಿ?" ಅಂದೆ.

ಸುರೇಶ ತಲೆ ಕೆರೆದುಕೊಂಡ. ಅವನು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಗಟ್ಟಿ ಚೂರು ಹಾಕಿದ್ರೆ ಬ್ಲೇಡ್ ಕೆಡ್ತದೆ ಮಾವ್ಶಿ. ಆಸಿಡ್‌ನಲ್ಲಿ ಇಟ್ಟು ಮೆತ್ತಗೆ ಮಾಡ್ಬೇಕು, ಅದಕ್ಕೆ ಟೈಮ್ ಹೋಗ್ತದೆ. ಸಾಹೇಬ್ರಿಗೆ ರಿಪೋರ್ಟ್ ನಾಳೆಯೇ ಬೇಕು. ಡಾಕ್ಟ್ರು ಇಲ್ಲಿಗೆ ಸಂಜೆ ಬಂದು ಸ್ಲೈಡ್ ನೋಡಿ ಹೋಗೋದು ಮಾತ್ರ. ಎಂತ ಹಾಕ್ಬೇಕು, ಎಂತ ಬಿಡ್ಬೇಕು ಅಂತ ನಾನೇ ನೋಡ್ಕೊಳ್ಳೋದು. ಮೆತ್ತಗಿದ್ದದ್ದು ಹಾಕ್ತೇನೆ. ಎಲ್ಲ ಕಡೆ ಹೀಗೇ."

ಎಲ್ಲ ಕಡೆ ಹೀಗೇ. ತಪ್ಪು ಮಾಡಿ ಸಿಕ್ಕಿಬಿದ್ದವರು ಈ ಊರಿನಲ್ಲಿ ಮೊದಲು ಆಡುವ ಮಾತು ಇದೇ. ಅವನು ಕೆಟ್ಟ ಮನುಷ್ಯ ಅಲ್ಲ. ಕೆಟ್ಟವನಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಸುರೇಶ ಹೆದರಿ ಮೇಲಿನ ಮಹಡಿಗೆ ಫೋನ್ ಮಾಡಿದ. ಸರ್ಜನ್ ಸಾಹೇಬರು ಕೆಳಗೆ ಇಳಿದು ಬರಲಿಲ್ಲ. ಸುವರ್ಣಾಗೆ ಫೋನ್ ಕೊಡು ಎಂದರು. ಸ್ಪೀಕರ್ ಹಾಕಿದ್ದರಿಂದ ನಾವೆಲ್ಲ ಕೇಳಿದೆವು.

"ಏನವಾ ತಂಗಿ, ನಮ್ಮವರು ಅಂತ ಹೇಳಿ ಎಲ್ಲಾ ಕೆಲಸ ಬಿಟ್ಟು ನಿನ್ನ ಮಗಳನ್ನ ನೋಡೀನಿ. ನೀ ಒಬ್ಬ ಆಯಾ ಮಾತು ಕೇಳಿ ನನ್ನ ಲ್ಯಾಬ್‌ನ್ಯಾಗ ಬರಣಿ ಹುಡಕ್ತಿ? ಕ್ಯಾನ್ಸರ್ ಕಾಯಂಗಿಲ್ಲ, ತಿಳೀತೇನು? ಒಯ್ಯೂದಿದ್ರ ಒಯ್ರಿ. ಆದ್ರ ಆಮ್ಯಾಲ ನನ್ನ ಬಾಗಲಾ ಬಡೀಬ್ಯಾಡ್ರಿ."

ಸುವರ್ಣಾ ನನ್ನ ಕೈಯಿಂದ ಬರಣಿ ತೆಗೆದುಕೊಂಡಳು. ಅದನ್ನು ಮೇಜಿನ ಮೇಲೆ ಇಟ್ಟಳು. "ನಡೀರಿ ನೀಲಾಯಿ, ಬ್ಯಾಡ. ಅವರ ಬಿಟ್ರ ನಮಗ ಯಾರದಾರ?" ಎಂದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸಾಹೇಬರು ಹೇಳಿದ್ದು ನಿಜವಾಗಿದ್ದು, ನಮ್ಮಿಂದ ತಡವಾಗಿ ರೋಗ ಹಬ್ಬಿದರೆ? ಆ ಪ್ರಶ್ನೆ ನನಗೂ ಇತ್ತು. ಗಟ್ಟಿ ಚೂರಿನಲ್ಲಿ ಏನಿದೆ ಎಂದು ಆ ಕೋಣೆಯಲ್ಲಿ ನನ್ನನ್ನೂ ಸೇರಿಸಿ ಒಬ್ಬರಿಗೂ ಗೊತ್ತಿರಲಿಲ್ಲ.

ಪೂಜಾ ಬರಣಿ ಎತ್ತಿಕೊಂಡು ದುಪಟ್ಟಾದಲ್ಲಿ ಸುತ್ತಿದಳು. ಫೋನಿನ ಕಡೆ ಬಗ್ಗಿ, "ಸರ್, ಇದು ನನ್ನ ಮೈದು. ಲೇಕೆ ಜಾ ರಹೀ ಹೂಂ," ಎಂದು ಹೊರಗೆ ನಡೆದೇ ಬಿಟ್ಟಳು. ನಾವು ಹಿಂದೆ ಓಡಿದೆವು.

ಮೇಧಾ ಮೇಡಂ ಚೂರುಗಳನ್ನು ಕೈಗವಸಿನ ಬೆರಳಲ್ಲಿ ಒತ್ತಿ ನೋಡಿ ಆಸಿಡ್‌ಗೆ ಹಾಕಿಸಿದರು. ಇದಕ್ಕೆ ಡೀಕ್ಯಾಲ್ಸಿಫಿಕೇಶನ್ ಎನ್ನುತ್ತಾರೆ. ಆಸಿಡ್ ಚೂರಿನೊಳಗಿನ ಸುಣ್ಣವನ್ನು ಮೆಲ್ಲಗೆ ತಿಂದು ಮೆತ್ತಗೆ ಮಾಡುತ್ತದೆ. ಜೋರು ಆಸಿಡ್ ಹಾಕಿದರೆ ತುಂಡೇ ಹಾಳು. ಕಾಯಬೇಕು. ಸಾಹೇಬರು ಕೊಟ್ಟ ಆಪರೇಶನ್ ದಿನ ಹತ್ತಿರ ಬರುತ್ತಿತ್ತು. ಈರಪ್ಪ ಆಸ್ಪತ್ರೆಯ ಬಾಗಿಲಿಗೇ ಬಂದು ಕೂಗಾಡಿದ. ಹಾಲ್‌ನಲ್ಲಿ ಕಮಿಟಿಯವರು ಅವನನ್ನು ಕೇಳಿದ್ದರಂತೆ, ಸಾಹೇಬರಿಗೆ ಹೀಗಾ ಮಾಡುವುದು ಎಂದು. ಅವನ ಮಗಳ ಕೆನ್ನೆಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ.

"ನಿನ್ನ ಮೇಡಂಗ ಹೇಳು, ಲಗೂ ಮಾಡಂತ!" ಅಂದ.

"ಲಗೂ ಮಾಡಿದ್ದಕ್ಕ ಈ ಗತಿ ಬಂದದ," ಅಂದೆ. ಕ್ಯಾಂಟೀನಿನಿಂದ ಚಹಾ ತಂದುಕೊಟ್ಟೆ. ಬೈಯುತ್ತಲೇ ಕುಡಿದ.

ಕೊನೆಗೆ ಚೂರು ಸೂಜಿ ಇಳಿಯುವಷ್ಟು ಮೆತ್ತಗಾಯಿತು. ಬ್ಲಾಕ್ ಆಯಿತು, ಸ್ಲೈಡ್ ಆಯಿತು. ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಗಾಜನ್ನು ಆ ಕಡೆ ಈ ಕಡೆ ಸರಿಸಿದರು. ಪಕ್ಕದ ಡಾಕ್ಟರನ್ನು ಕರೆದು ತೋರಿಸಿದರು. ಇಬ್ಬರೂ ಹ್ಞೂಂ ಎಂದರು. ಆಮೇಲೆ ಪೂಜಾಳನ್ನು ಕರೆಸಲು ಹೇಳಿದರು. ಅವಳು ಅಂಗಡಿಯಿಂದ ಯೂನಿಫಾರ್ಮಿನಲ್ಲೇ ಬಂದಳು. ನಮ್ಮ ಮೈಕ್ರೋಸ್ಕೋಪಿಗೆ ಕಲಿಯುವವರಿಗೆಂದು ಇನ್ನೊಂದು ಜೋಡಿ ಕಣ್ಣು ಇತ್ತು. ಅಲ್ಲಿ ಅವಳನ್ನು ಕೂರಿಸಿದರು. ಅವಳಾದ ಮೇಲೆ ನಾನೂ ನೋಡಿದೆ.

ನೀಲಿ ಕೋಶಗಳ ದಂಡೆ. ಅದರ ಆಚೆ ಮಸುಕು ಗುಲಾಬಿ ಬಣ್ಣದ ದೊಡ್ಡ ಬಯಲು. ಅಲ್ಲೂ ಕೋಶಗಳಿವೆ, ಒಂದಕ್ಕೊಂದು ಅಂಟಿ, ಗೆರೆ ಸ್ಪಷ್ಟ. ಆದರೆ ನಡುವೆ ಇರಬೇಕಾದ ಕಪ್ಪು-ನೀಲಿ ಚುಕ್ಕೆ ಇಲ್ಲ. ಚುಕ್ಕೆಯ ಜಾಗದಲ್ಲಿ ಬರೀ ತೂತು. ರಿಡೆವಲಪ್‌ಮೆಂಟಿಗೆ, ಕೆಡವಿ ಹೊಸದು ಕಟ್ಟಲು, ಖಾಲಿ ಮಾಡಿಸಿದ ಬಿಲ್ಡಿಂಗ್ ಹಾಗೆ ನನಗೆ ಕಂಡಿತು. ಗೋಡೆ ಇದೆ, ಕಿಟಕಿ ಇದೆ, ಒಳಗೆ ಜನ ಇಲ್ಲ.

ಮೇಡಂ ಹೇಳಿದರು: "ಆ ಚುಕ್ಕೆಯೇ ನ್ಯೂಕ್ಲಿಯಸ್. ಕೋಶದ ಜೀವ ಅಲ್ಲಿರುತ್ತದೆ. ಇವು ಸತ್ತಿವೆ. ಸತ್ತರೂ ಆಕಾರ ಬಿಟ್ಟಿಲ್ಲ. ಇವಕ್ಕೆ ನಾವು ಘೋಸ್ಟ್ ಸೆಲ್ ಎನ್ನುತ್ತೇವೆ. ಅಂಚಿನಲ್ಲಿ ಆ ನೀಲಿ ಕೋಶ, ಒಳಗೆ ಈ ಸತ್ತ ಕೋಶ, ಒಂದು ಇನ್ನೊಂದಾಗಿ ಬದಲಾಗುವುದು ಕಣ್ಣಿಗೇ ಕಾಣುತ್ತಿದೆ. ಮೇಲೆ ಸುಣ್ಣ ಕೂತು ಕಲ್ಲಾಗಿದೆ. ಇದು ಪೈಲೋಮ್ಯಾಟ್ರಿಕೋಮಾ. ಕೂದಲಿನ ಬುಡದಿಂದ ಏಳುವ ಗಂಟು, ವಯಸ್ಸಿನ ಹುಡುಗ ಹುಡುಗಿಯರಿಗೆ ಬರುವಂಥದು. ನಾನು ಎಲ್ಲ ಚೂರೂ ನೋಡಿದ್ದೇನೆ. ಕ್ಯಾನ್ಸರ್ ಅಲ್ಲ. ಬುಡದಲ್ಲಿ ಏನಾದರೂ ಉಳಿದಿದ್ದರೆ ಸಣ್ಣದಾಗಿ ತೆಗೆಸಿದರೆ ಸಾಕು. ಮುಖ ಮುಟ್ಟುವ ಅಗತ್ಯ ಇಲ್ಲ."

ಪೂಜಾ ಅಳಲಿಲ್ಲ. "ಮತ್ಲಬ್, ಇವು ಸತ್ತಿದ್ದಕ್ಕೆ ನಾನು ಬಚಾವ್?" ಎಂದಳು.

"ಸತ್ತಿದ್ದಕ್ಕಲ್ಲ. ಸತ್ತಿರುವುದನ್ನು ನೋಡಿದ್ದಕ್ಕೆ," ಅಂದರು ಮೇಡಂ. ಆಮೇಲೆ ತಮ್ಮ ಸಿಡುಕಿಗೆ ಮರಳಿ, "ಹೋಗು ಹೋಗು, ನನಗೆ ಊಟ ಆಗಿಲ್ಲ," ಎಂದು ಅಟ್ಟಿದರು.

ಮೇಡಂ ಎರಡೂ ಸ್ಲೈಡಿನ ವಿಷಯ ಬರೆದು ರಿಪೋರ್ಟ್ ಕೊಟ್ಟರು, ಸರ್ಜನ್ ಸಾಹೇಬರಿಗೆ ತಾವೇ ಫೋನೂ ಮಾಡಿದರು. ಆ ಕಡೆಯಿಂದ ಬಂದ ಉತ್ತರವನ್ನು ಮೇಡಂ ನಮಗೆ ಹೇಳಿದರು. 'ಲ್ಯಾಬ್ ಕೊಟ್ಟ ರಿಪೋರ್ಟಿನ ಮೇಲೆ ನಾನು ಸಲಹೆ ಕೊಟ್ಟೆ. ನನ್ನದೇನು ತಪ್ಪು?' ಲ್ಯಾಬ್ ಯಾರದು? ಅವರದೇ. ನಾಳೆಯೇ ಬೇಕು ಎಂದವರು ಯಾರು? ಅವರೇ. ಸಂಜೆ ಬಂದು ಸಹಿ ಹಾಕುವ ಡಾಕ್ಟರು 'ನನಗೆ ಕೊಟ್ಟ ಸ್ಲೈಡನ್ನು ನಾನು ಓದಿದೆ' ಎಂದರಂತೆ. ಸುರೇಶನಿಗೆ ಬ್ಲೇಡ್ ಕೆಡಿಸಿದರೆ ಬೈಗುಳ. ಮೂವರೂ ತಮ್ಮ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿದ್ದರು. ನಡುವೆ ಒಬ್ಬ ಹುಡುಗಿಯ ಬಾಯಿ ಸೊಟ್ಟ ಆಗಲಿತ್ತು, ಒಂದು ಕಣ್ಣು ಜೀವಮಾನವಿಡೀ ತೆರೆದೇ ಇರಲಿತ್ತು. ಒಂದು ಬ್ಲೇಡ್ ಉಳಿಸಲು.

ಕ್ಷಮೆ? ಯಾರೂ ಕೇಳಲಿಲ್ಲ. ಕ್ಷಮೆ ಕೇಳಬೇಕು ಎಂದು ಈರಪ್ಪನಿಗೂ ಅನಿಸಲಿಲ್ಲ. ಉಲ್ಟಾ, ಮಾಟುಂಗದ ಹಾಲ್‌ನಲ್ಲೇ ಪೂಜಾಳ ಮದುವೆ ಆದಾಗ ಸಾಹೇಬರನ್ನು ಕರೆದಿದ್ದ. ಅವರು ಬಂದರು, ಮುಂದಿನ ಕುರ್ಚಿಯಲ್ಲಿ ಕೂತರು. ಈರಪ್ಪ ಅವರ ಕಾಲಿಗೆ ಬಿದ್ದ, ಶಾಲು ಹೊದಿಸಿದ. ಇನ್ನೂ ಒಂದು ಶಾಲು. ಹಾಲ್‌ನ ಅಂಚಿನ ಊಟದ ಸಾಲಿನಲ್ಲಿದ್ದ ನಾನು ಅರ್ಧ ತಿಂದ ಹೋಳಿಗೆಯನ್ನು ಎಲೆಯ ಮೇಲೆ ಇಟ್ಟೆ. ಸಾಹೇಬರು ಅಕ್ಷತೆ ಹಾಕಿ ಪೂಜಾಳ ಕೆನ್ನೆ ನೋಡಿದರು. ಕಿವಿಯ ಮುಂದೆ ಒಂದು ಕೂದಲೆಳೆ ಗೆರೆ, ಅಷ್ಟೇ.

"ನೋಡ್ರಿ, ಹೊಲಿಗಿ ಎಷ್ಟು ಚಲೋ ಕೂತದ. ಗೊತ್ತ ಆಗಂಗಿಲ್ಲ," ಎಂದು ಸುತ್ತಲಿನವರಿಗೆ ತೋರಿಸಿದರು.

ಪೂಜಾ ನಗುತ್ತಲೇ, ಎಲ್ಲರಿಗೂ ಕೇಳುವ ಹಾಗೆ, ಅವತ್ತು ಹಿಂದಿ ಬೆರೆಸದೆ ಕನ್ನಡದಲ್ಲೇ ಹೇಳಿದಳು: "ಹೌದ್ರಿ ಸರ್, ಹೊಲಿಗಿ ಚಲೋ ಐತಿ. ನೀವು ಕೊಯ್ಯದ ಬಿಟ್ಟದ್ದು ಇನ್ನೂ ಚಲೋ ಐತಿ."

ಸಾಹೇಬರು ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಊಟಕ್ಕೆ ನಡೆದರು. ನಾನು ಉಳಿದ ಹೋಳಿಗೆ ತಿಂದೆ.

ಈಗ ಕೆಲಸ ಬಿಟ್ಟಿದ್ದೇನೆ. ಸಿಟ್ಟು ಬಿಟ್ಟಿಲ್ಲ. ನಿವೃತ್ತಿಯ ಮೊದಲು, ನಮ್ಮದೇ ವಿಭಾಗದಲ್ಲಿ ಟೆಕ್ನಿಷಿಯನ್ ಗಟ್ಟಿ ಚೂರು ನೋಡಿ ತುಟಿ ಕೊಂಕಿಸಿದಾಗಲೆಲ್ಲ ನಾನು ಕೈಯಲ್ಲಿನ ಬರಣಿ ಕೆಳಗಿಟ್ಟು ಅವನ ಪಕ್ಕ ನಿಂತುಬಿಡುತ್ತಿದ್ದೆ. "ಹಾಕ್ತೀನಿ ಮಾವ್ಶಿ, ಆಸಿಡ್‌ಗೆ ಹಾಕ್ತೀನಿ, ಸರೀರಿ ಆ ಕಡೆ," ಅನ್ನುತ್ತಿದ್ದ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಮೈಕ್ರೋಸ್ಕೋಪಿನಡಿ ಎಂಥ ದೊಡ್ಡ ಡಾಕ್ಟರೂ ಕಾಣುವುದು ಗಾಜಿನ ಮೇಲೆ ಬಂದದ್ದನ್ನು ಮಾತ್ರ. ಬರಣಿಯಲ್ಲೇ ಉಳಿದದ್ದು ಯಾರಿಗೂ ಕಾಣುವುದಿಲ್ಲ. ಆದ್ದರಿಂದ ನಿಮ್ಮ ಮನೆಯವರ ಮೈಯಿಂದ ಏನಾದರೂ ತೆಗೆದು, ಅದರ ಮೇಲೆ ದೊಡ್ಡ ಕೊಯ್ತ ಹೇಳಿದರೆ, ಹೇಳಿದವರು ನಮ್ಮವರಿರಲಿ ಪರರಿರಲಿ, ಸ್ಲೈಡ್ ಕೇಳಿ, ಬ್ಲಾಕ್ ಕೇಳಿ, ಬರಣಿಯನ್ನೂ ಕೇಳಿ. ಬಿಸಾಡಿದೆವು ಎಂದರೆ ಸಿಂಕಿನ ಕೆಳಗೆ ಬಗ್ಗಿ ನೋಡಿ.